ಅರಿಶಿನ ಕುಟ್ಟುವಾಗ ಓದಿದ ಹೆಸರು

ಹೋದ ತಿಂಗಳು ಶ್ರೀನಿವಾಸಪುರದ ಸಂತೆಗೆ ಹೋಗಿದ್ದೆ. ಸಂತೆ ಮುಗಿಸಿ ಬಸ್ಸಿಗೆ ಕಾಯುತ್ತಾ ನಿಂತಿದ್ದಾಗ ಎಲ್ಲಿಂದಲೋ ರೇಷ್ಮೆಗೂಡು ಬೇಯುವ ವಾಸನೆ ಬಂತು. ಗೊತ್ತಿಲ್ಲದವರಿಗೆ ಅದು ಹೊಟ್ಟೆ ತೊಳೆಸುವ ನಾತ. ನನಗೆ ಮಾತ್ರ ಅಂಗೈ ಬೆವರಿತು. ನಮ್ಮ ನಾಗುವಿನ ಮದುವೆಯ ವರ್ಷ ನೆನಪಾದರೆ ನನಗೆ ಈಗಲೂ ಹಾಗೇ ಆಗುತ್ತದೆ. ಬಸ್ಸು ಬರುವುದು ಹೇಗೂ ತಡ, ಅಲ್ಲೇ ನಿಂತು ಎಲ್ಲವನ್ನೂ ಮತ್ತೆ ಒಂದು ಸುತ್ತು ನೆನೆದೆ. ಬರೆದುಬಿಡೋಣ ಅನ್ನಿಸಿದ್ದೂ ಅಲ್ಲೇ.

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ ಅದು. ಸೀಮೆಎಣ್ಣೆ ಇಲ್ಲ, ಸಕ್ಕರೆ ಇಲ್ಲ, ಕಾಗದವಂತೂ ಕಣ್ಣಿಗೇ ಬೀಳುತ್ತಿರಲಿಲ್ಲ. ರೇಷ್ಮೆಗೆ ಮಾತ್ರ ಎಲ್ಲಿಲ್ಲದ ಬೇಡಿಕೆ. ವಿಮಾನದಿಂದ ಸಿಪಾಯಿಗಳು ಇಳಿಯುವ ಕೊಡೆಗೆ ನಮ್ಮ ನೂಲು ಬೇಕಂತೆ ಎಂದು ಕೋಲಾರಕ್ಕೆ ಹೋಗಿ ಬಂದವರು ಹೇಳುತ್ತಿದ್ದರು. ನಮ್ಮದು ರಾಯಲ್ಪಾಡು ಕಡೆಯ ಹಳ್ಳಿ. ಹೊಲದಲ್ಲಿ ತೆಲುಗು, ಮನೆಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಪ್ರತಿ ಮನೆಯಲ್ಲೂ ಹುಳದ ತಟ್ಟೆಗಳು. ಹುಳುಗಳಿಗೆ ಹಗಲೆಲ್ಲ ಹಿಪ್ಪುನೇರಳೆ ಸೊಪ್ಪು ಹೆಚ್ಚಿ ಹಾಕಬೇಕು. ಹೆಂಗಸರು ಏಳೆಂಟು ಜನ ಒಟ್ಟಿಗೆ ಕೂತು ಹೆಚ್ಚುವುದು, ಹೆಚ್ಚುತ್ತಾ ಹಾಡುವುದು. ನಾನು ಹಾಡು ಅಂತ ಮೊದಲು ಕೇಳಿದ್ದೇ ಆ ಕತ್ತಿಗಳ ಸದ್ದಿನ ಮೇಲೆ.

ನಾಗು ನನ್ನ ದೊಡ್ಡಪ್ಪನ ಮಗಳು, ನನಗಿಂತ ಮೂರು ವರ್ಷ ದೊಡ್ಡವಳು. ಅದಕ್ಕೆ ಎರಡು ವರ್ಷ ಹಿಂದೆ ಮುಳಬಾಗಿಲು ಕಡೆಯ ಗಂಗಪ್ಪ ಎಂಬ ಹುಡುಗನಿಗೆ ಅವಳನ್ನು ಕೊಡುವುದೆಂದು ವೀಳ್ಯ ಬದಲಾಯಿಸಿದ್ದರು. ತಿಂಗಳು ತುಂಬುವ ಮೊದಲೇ ಆ ಹುಡುಗ ಜ್ವರಕ್ಕೆ ಹೋಗಿಬಿಟ್ಟ. ನಾಗು ಅವನ ಮುಖವನ್ನೂ ನೋಡಿರಲಿಲ್ಲ. ಆದರೆ ಜನರ ಬಾಯಿಗೆ ಅದೆಲ್ಲ ಯಾಕೆ? "ವೀಳ್ಯ ಮುಟ್ಟಿದ್ದಕ್ಕೇ ಹಿಂಗಾಯ್ತು, ಇನ್ನು ತಾಳಿ ಮುಟ್ಟಿದ್ರೆ?" ಎಂದರು. ಎರಡು ವರ್ಷ ನಮ್ಮ ಮನೆಯ ಮೆಟ್ಟಿಲನ್ನು ಒಬ್ಬ ಗಂಡಿನ ಕಡೆಯವರೂ ಹತ್ತಲಿಲ್ಲ.

ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಜಿಲ್ಲೆಯ ಆ ತುದಿಯಿಂದ, ಮಾಲೂರು ಕಡೆಯಿಂದ, ಒಂದು ಸಂಬಂಧ ಬಂತು. ಹುಡುಗನ ಹೆಸರು ನಂಜಪ್ಪ. ಅಷ್ಟು ದೂರದವರಿಗೆ ನಮ್ಮ ಕಥೆ ಗೊತ್ತಿರಲಿಲ್ಲ. ದೊಡ್ಡಪ್ಪ ಹುಳದ ಮನೆಯೊಳಗೆ ನಮ್ಮನ್ನೆಲ್ಲ ಕರೆದು ಬಾಗಿಲು ಹಾಕಿದರು.

"ನೋಡ್ರಮ್ಮ, ಆ ಸತ್ತ ಹುಡುಗನ ಹೆಸ್ರು ಇನ್ಮೇಲೆ ಈ ಮನೇಲಿ ಯಾರ ಬಾಯಲ್ಲೂ ಬರಂಗಿಲ್ಲ. ಅಪ್ಪಿತಪ್ಪಿ ಬಂತೋ, ಈ ಸಂಬಂಧನೂ ಹೋಯ್ತು. ನನ್ನ ಮಗಳು ಇಲ್ಲೇ ಸೊಪ್ಪು ಹೆಚ್ಕೊಂಡು ಮುದ್ಕಿ ಆಗ್ತಾಳೆ. ತಿಳೀತಾ?"

ತಿಳಿಯಿತು ಎಂದೆವು. ನಾಗು ಮಾತ್ರ ಸೊಪ್ಪಿನ ಕಂತೆ ಬಿಚ್ಚುತ್ತಿದ್ದಳು, ಬಿಚ್ಚುತ್ತಲೇ ಇದ್ದಳು.

ಈಗ ನನ್ನ ಪುಸ್ತಕದ ಸಂಗತಿ ಹೇಳಬೇಕು. ನಾನು ಶಾಲೆಗೆ ಹೋದವಳಲ್ಲ. ಅಣ್ಣನ ಸ್ಲೇಟು ನೋಡಿ, ಬೀಜದ ಚೀಲದ ಮೇಲಿನ ಅಚ್ಚು ನೋಡಿ, ಅಕ್ಷರ ಕೂಡಿಸಿಕೊಂಡವಳು. ಬರೆಯಲು ಬಂದ ದಿನದಿಂದ ನನಗೆ ಒಂದೇ ಹುಚ್ಚು, ಕೇಳಿದ ಹಾಡನ್ನೆಲ್ಲ ಬರೆದಿಡುವುದು. ಕಾಗದ? ರೇಷ್ಮೆ ಚಿಟ್ಟೆಗಳನ್ನು ಮೊಟ್ಟೆಯಿಡಲು ಕೂರಿಸುತ್ತಾರಲ್ಲ, ಆ ಹಾಳೆಗಳು. ಮರಿ ಆದ ಮೇಲೆ ಎಸೆಯುತ್ತಿದ್ದರು. ಅದನ್ನೇ ಒರೆಸಿ, ಮಡಚಿ, ನಾರಿನಿಂದ ಹೊಲಿದು ಪುಸ್ತಕ ಮಾಡಿಕೊಂಡಿದ್ದೆ. ಚಿಟ್ಟೆಯ ಅಂಟು ಎಷ್ಟು ಒರೆಸಿದರೂ ಹೋಗುತ್ತಿರಲಿಲ್ಲ, ಸೆಕೆಗೆ ಹಾಳೆಗೆ ಹಾಳೆ ಕಚ್ಚಿಕೊಳ್ಳುತ್ತಿತ್ತು.

ಆ ಪುಸ್ತಕದ ಮದುವೆ ಹಾಡುಗಳನ್ನೆಲ್ಲ ನಾನು ಬರೆದದ್ದು ಗಂಗಪ್ಪನಿಗೆ ವೀಳ್ಯ ಕೊಟ್ಟ ತಿಂಗಳಲ್ಲಿ. ನಾಗುವನ್ನು ಗೋಳುಹೊಯ್ದುಕೊಳ್ಳಲು ಹೆಂಗಸರು ದಿನವೂ ಸೊಪ್ಪಿನ ಮುಂದೆ ಮದುವೆ ಹಾಡು ಹಾಡುತ್ತಿದ್ದರು. ಆ ಹಾಡುಗಳಲ್ಲಿ ಹುಡುಗಿಯ ಹೆಸರು, ಹುಡುಗನ ಹೆಸರು ಬರುವ ಜಾಗ ಇರುತ್ತದೆ. ಯಾರ ಮದುವೆಯೋ ಅವರ ಹೆಸರು. ಹಾಡಿದ್ದು ಹಾಡಿದಂತೆ ಬರೆದುಕೊಂಡೆ. ಹಾಗಾಗಿ ಪುಟ ಪುಟಕ್ಕೂ ಗಂಗಪ್ಪ, ಗಂಗಪ್ಪ.

ಹಾಡು ಎತ್ತುತ್ತಿದ್ದವರು ಮುನೆಮ್ಮಜ್ಜಿ. ಸುತ್ತ ಏಳೂರಿನ ಮದುವೆಗಳಿಗೆ ಅವರೇ ಬೇಕು. ಅಕ್ಷರ ಒಂದೂ ಗೊತ್ತಿಲ್ಲ, ಬಾಯಲ್ಲಿ ಎಷ್ಟು ಹಾಡಿದ್ದವು ಎಂದು ಅವರಿಗೂ ಗೊತ್ತಿರಲಿಲ್ಲ. ನಾನು ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಅವರ ಹಿಂದೆ ಹಾಡುವುದು ಒಂದು ದಿನ ಅವರ ಕಣ್ಣಿಗೆ ಬಿತ್ತು.

"ಏಮೇ ಲಚ್ಚೀ, ಪೇಪರು ಚೂಸಿ ಪಾಡೇದಾ?" ಎಂದು ತೆಲುಗಿನಲ್ಲೇ ರೇಗಿದರು. ಕಾಗದ ನೋಡಿಕೊಂಡು ಹಾಡುತ್ತೀಯಾ ಎಂದು.

"ಯಾಕಜ್ಜಿ, ಮರ್ತೋಗಲ್ಲ ಅಲ್ವಾ?"

"ಮರೀಲಿ ಬಿಡೇ! ಮರ್ತ್ರೆ ಇನ್ನೊಂದು ಬರ್ತದೆ. ಹಾಡೋಳು ಮದುಮಗಳ ಮುಖ ನೋಡ್ಕೊಂಡು ಹಾಡ್ಬೇಕು. ಹೆಸ್ರು ಬರೋ ಕಡೆ ಮುಖ ನೋಡಿದ್ರೆ ಹೆಸ್ರು ತಾನೇ ಬಾಯಿಗೆ ಬರ್ತದೆ. ನೀನು ಕೆಳಗೆ ನೋಡ್ಕೊಂಡು ಯಾರ್ಗೆ ಹಾಡ್ತಿದೀಯ, ನಿನ್ನ ಮೊಣಕಾಲ್ಗಾ?"

ಎಲ್ಲರೂ ನಕ್ಕರು. ನನಗೆ ಉರಿದುಹೋಯಿತು. ಓದು ಬಾರದವರ ಹೊಟ್ಟೆಕಿಚ್ಚು ಎಂದುಕೊಂಡೆ, ನಾಚಿಕೆಯಿಲ್ಲದೆ ಹೇಳುತ್ತೇನೆ. ಅಂದಿನಿಂದ ಬಾಯಿಪಾಠ ಮಾಡುವುದನ್ನೇ ಬಿಟ್ಟೆ. ಪುಸ್ತಕ ಇರುವಾಗ ಯಾಕೆ?

ಮದುವೆ ವೈಶಾಖಕ್ಕೆ ಎಂದು ಗೊತ್ತಾಯಿತು. ಚೈತ್ರದಲ್ಲಿ ಮುನೆಮ್ಮಜ್ಜಿಗೆ ಉಬ್ಬಸ ಹೆಚ್ಚಾಯಿತು. ಒಂದು ಸೊಲ್ಲು ಹಾಡುವಷ್ಟರಲ್ಲಿ ಎದೆ ಕೊಳಲಿನ ಹಾಗೆ ಕೂಗುತ್ತಿತ್ತು. ಉಳಿದ ಹೆಂಗಸರು ಹಿಂದೆ ಹಾಡುವವರೇ ಹೊರತು ಎತ್ತುವವರಲ್ಲ. ದೊಡ್ಡಮ್ಮ ನನ್ನ ಕಡೆ ನೋಡಿದರು. "ನಿನ್ ಹತ್ರ ಎಲ್ಲಾ ಬರ್ಕೊಂಡಿದೀಯಲ್ಲೇ?" ಎಂದರು. ಬರೆದುಕೊಂಡಿದ್ದೆ. ನನಗೆ ಹದಿನೈದು ವರ್ಷ. ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಗಾಬರಿ ಪಡಬೇಕಾಗಿದ್ದದ್ದು ಅರಿಶಿನ ಕುಟ್ಟುವ ಶಾಸ್ತ್ರಕ್ಕೆ. ಮದುವೆಯ ಹಿಂದಿನ ದಿನ ಗಂಡಿನ ಕಡೆ ಹೆಂಗಸರು, ಹೆಣ್ಣಿನ ಕಡೆ ಹೆಂಗಸರು ಒಂದೇ ಒರಳಿನ ಸುತ್ತ ನಿಂತು ಅರಿಶಿನದ ಕೊಂಬು ಕುಟ್ಟುತ್ತಾರೆ. ಕೊಂಬು ಪುಡಿಯಾಗುವ ತನಕ ಒನಕೆ ನಿಲ್ಲಬಾರದು, ನಿಂತರೆ ಮದುವೆಗೆ ಕೇಡು. ಆ ಕಡೆಯವರು ಒಂದು ಹಾಡು, ಈ ಕಡೆಯವರು ಒಂದು ಹಾಡು. ಹಾಡಿನಲ್ಲೇ ಕೇಳುತ್ತಾರೆ, ಹಾಡಿನಲ್ಲೇ ಉತ್ತರ ಕೊಡಬೇಕು. ಉತ್ತರದ ಸೊಲ್ಲನ್ನು ಆ ಕಡೆಯವರು ತಿರುಗಿ ಹಾಡಿದರೆ ಒಪ್ಪಿದರೆಂದು ಅರ್ಥ. ಹಾಡದೆ ಬಿಟ್ಟರೆ ಒಪ್ಪಲಿಲ್ಲ. ತಮಾಷೆಗೆಂದೇ ನಡೆಯುವುದು, ಆದರೆ ತಮಾಷೆ ಕೆಟ್ಟು ಗಂಡಿನ ಕಡೆಯವರು ಗಾಡಿ ಕಟ್ಟಿಕೊಂಡು ಹೋದ ಮದುವೆಗಳೂ ಉಂಟು.

ನಾನು ಒಂದು ವಾರ ಕೂತು ಪುಸ್ತಕ ತಿದ್ದಿದೆ. ಗಂಗಪ್ಪ ಎಂದಿರುವ ಕಡೆಯೆಲ್ಲ ಗೀಟು ಹೊಡೆದು ಮೇಲೆ ನಂಜಪ್ಪ ಎಂದು ಬರೆದೆ. ರಾಗಕ್ಕೂ ಸರಿಯಾಗಿ ಕೂತಿತು. ಎರಡು ಸಲ ಪುಟ ತಿರುಗಿಸಿ ನೋಡಿದೆ. ಎಲ್ಲೂ ಬಿಟ್ಟಿರಲಿಲ್ಲ.

ಗಂಡಿನ ಕಡೆಯವರು ಮಾಲೂರಿನಿಂದ ಅಷ್ಟು ದೂರ ಪೆಟ್ರೋಲು ಸಿಗದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ, ಆಮೇಲೆ ಗಾಡಿಗಳಲ್ಲಿ ಬಂದಿಳಿದರು. ಅವರ ಮುಂದಾಳು ಹುಡುಗನ ಸೋದರತ್ತೆ ಚೌಡಮ್ಮ. ಎತ್ತರದ ಹೆಂಗಸು, ಹಣೆಯಲ್ಲಿ ಕಾಸಿನಗಲ ಕುಂಕುಮ. ಬಂದವರೇ ಕೈಕಾಲು ತೊಳೆಯುವ ಮೊದಲು ಕೇಳಿದ್ದು, "ನಿಮ್ ಕಡೆ ಹಾಡು ಎತ್ತೋರು ಯಾರಮ್ಮ?"

ನನ್ನನ್ನು ತೋರಿಸಿದರು. ಮೇಲಿಂದ ಕೆಳಗೆ ನೋಡಿದರು.

"ಈ ಮಗೂನಾ? ಹಾಲು ಬಿಟ್ಟು ಎಷ್ಟು ದಿನ ಆಯ್ತಮ್ಮ ನಿಂಗೆ?"

"ನಂಗೆ ಐವತ್ತು ಹಾಡು ಬರ್ತವೆ," ಎಂದೆ. ಬರುತ್ತವೆ ಎಂಬ ಮಾತು ಅರ್ಧ ಸುಳ್ಳು.

"ಐವತ್ತಾ? ನೋಡಣ, ನೋಡಣ. ನಮ್ಮ ಒನಕೆ ಸುಸ್ತಾಗೋ ಜಾತಿ ಅಲ್ಲ."

ನಾನು ಒಳಗೆ ಓಡಿ ಪುಸ್ತಕ ತೆಗೆದೆ. ಎಣಿಸಿದರೆ ನಲವತ್ತಾರೇ ಹಾಡು. ಎಲ್ಲಿ ಹೋದವು? ಆಗ ಕೈಗೆ ದಪ್ಪಗೆ ಸಿಕ್ಕಿತು, ನಡುವಿನ ಎರಡು ಹಾಳೆ ಚಿಟ್ಟೆಯ ಅಂಟಿಗೆ ಕಚ್ಚಿ ಒಂದಾಗಿದ್ದವು. ತುಟಿಯ ಹತ್ತಿರ ಹಿಡಿದು ಬಿಸಿ ಉಸಿರು ಊದಿ ಊದಿ ಬಿಡಿಸಿದೆ. ಒಳಗೆ ನಾಲ್ಕು ಹಾಡು, ಒಳ್ಳೊಳ್ಳೆ ಹಾಡು! ಹೊರಗೆ ಒನಕೆ ಎತ್ತಿಕೊಡುತ್ತಿದ್ದರು. ಗಂಟು ಸಿಕ್ಕಿದವಳ ಹಾಗೆ ಪುಸ್ತಕ ಎದೆಗವಚಿಕೊಂಡು ಅಂಗಳಕ್ಕೆ ಬಂದೆ.

ಚಪ್ಪರದ ಕೆಳಗೆ ಒರಳು. ನಾಲ್ಕು ಒನಕೆ, ಎರಡು ಅವರದು, ಎರಡು ನಮ್ಮದು. ಒಂದನ್ನು ಚೌಡಮ್ಮನೇ ಹಿಡಿದಿದ್ದರು. ನಾಗು ಮಣೆಯ ಮೇಲೆ ತಲೆ ತಗ್ಗಿಸಿ ಕೂತಿದ್ದಳು. ಮದುಮಗಳು ತನ್ನ ಮದುವೆಯಲ್ಲಿ ಹಾಡುವಂತಿಲ್ಲ, ಮಾತಾಡುವಂತಿಲ್ಲ. ಮುನೆಮ್ಮಜ್ಜಿಯನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಗಂಡಸರು ಜಗಲಿಯ ಮೇಲೆ ಎಲೆಯಡಿಕೆ ಹಾಕಿಕೊಂಡು ಕೇಳುತ್ತಿದ್ದರು, ಮಧ್ಯದಲ್ಲಿ ದೊಡ್ಡಪ್ಪ.

ಮೊದಮೊದಲು ಚೆನ್ನಾಗಿ ನಡೆಯಿತು. ಅವರು ನಮ್ಮೂರಿನ ನೀರನ್ನು ಹೀಯಾಳಿಸಿದರು, ನಾನು ಅವರ ಗಂಡಿನ ಮೂಗನ್ನು ಹೀಯಾಳಿಸಿದೆ. ಪುಟ ತಿರುಗಿಸಿದೆ, ಓದಿದೆ, ರಾಗ ಹಾಕಿದೆ. ಚೌಡಮ್ಮ, "ಭಲೇ ಕಣೇ, ಮೇಷ್ಟ್ರಮ್ಮ!" ಎಂದರು. ಇಪ್ಪತ್ತು ಹಾಡಾಯಿತು. ಅವರು ಬಿಡಲಿಲ್ಲ. ಮೂವತ್ತಾಯಿತು. ಅರಿಶಿನ ಇನ್ನೂ ತರಿತರಿ. ಬಿಸಿಲು ಚಪ್ಪರದ ಸೊಪ್ಪಿನ ಸಂದಿಯಿಂದ ಇಳಿದು ಹಾಳೆಯ ಮೇಲೆ ಕುಣಿಯುತ್ತಿತ್ತು. ನನ್ನ ಕಣ್ಣು ಅಕ್ಷರದಿಂದ ಅಕ್ಷರಕ್ಕೆ ಓಡುತ್ತಿತ್ತು. ಬಿಡಿಸಿದ ಹಾಳೆ ಬಂತು. ಎತ್ತಿದೆ:

ಹಂದರದ ನೆರಳಲ್ಲಿ ಹೊಂಬಣ್ಣದರಿಶಿನವ
ಚಂದಾಗಿ ಕುಟ್ಟೀರಿ ಗೆಳತೇರು, ನಾಗೂನ
ಕೈಹಿಡಿವ ದೊರೆಯು ಗಂಗಪ್ಪ

ನಮ್ಮ ಕಡೆಯ ಹೆಂಗಸರು ಅಭ್ಯಾಸಬಲದಿಂದ ಹಿಂದೆಯೇ ಹಾಡಿಬಿಟ್ಟರು. ಎಂಟು ಬಾಯಲ್ಲಿ ಆ ಹೆಸರು ಅಂಗಳವೆಲ್ಲ ಕೇಳಿತು.

ಅಲ್ಲಿದ್ದವರಲ್ಲಿ ಕೊನೆಗೆ ತಿಳಿದದ್ದು ನನಗೇ. ನಾನು ಹಾಳೆ ನೋಡುತ್ತಿದ್ದೆನಲ್ಲ. ಮುಂದಿನ ಸೊಲ್ಲಿಗೆ ಉಸಿರು ತೆಗೆದುಕೊಂಡಾಗ ಯಾಕೋ ಹಿಂದೆ ಯಾರ ದನಿಯೂ ಇಲ್ಲ ಅನ್ನಿಸಿ ತಲೆ ಎತ್ತಿದೆ. ದೊಡ್ಡಮ್ಮನ ಕೈ ಬಾಯ ಮೇಲಿತ್ತು. ಜಗಲಿಯಲ್ಲಿ ದೊಡ್ಡಪ್ಪ ಅಗಿಯುವುದನ್ನು ನಿಲ್ಲಿಸಿದ್ದರು. ಒನಕೆಗಳು ಮಾತ್ರ ಬೀಳುತ್ತಿದ್ದವು, ಧಕ್, ಧಕ್. ನಿಲ್ಲಿಸುವ ಹಾಗಿಲ್ಲವಲ್ಲ.

ಚೌಡಮ್ಮ ಕುಟ್ಟುತ್ತಲೇ ನನ್ನನ್ನು ನೋಡಿದರು. ಆಮೇಲೆ ನಮ್ಮ ಹೆಂಗಸರನ್ನು ಒಬ್ಬೊಬ್ಬರನ್ನೇ ನೋಡಿದರು. ಮುಖದ ನಗೆ ಹೋಗಿತ್ತು. ಹಾಡಿನಲ್ಲೇ ಕೇಳಿದರು:

ಊರೂರು ತಿರುಗೀವಿ ನೂರ್ಜನರ ಕಂಡೀವಿ
ಆರಮ್ಮ ನಿಮ್ಮ ಗಂಗಪ್ಪ, ನಮ್ಮೋರ
ಸಾಲಲ್ಲಿ ಕಾಣೆ ಆ ಹೆಸರ

ಅವರ ಕಡೆಯವರು ಅದನ್ನು ಎರಡು ಸಲ ಹಾಡಿದರು. ಈಗ ನಮ್ಮ ಸರದಿ.

ನಾನು ಹಾಳೆ ತಿರುಗಿಸಿದೆ. ಯಾಕೆ ತಿರುಗಿಸಿದೆನೋ! ಆ ಪ್ರಶ್ನೆಗೆ ಉತ್ತರ ಯಾವ ಹಾಳೆಯಲ್ಲಿರುತ್ತದೆ? ಇನ್ನೊಂದು ತಿರುಗಿಸಿದೆ. ಎಳೆದ ರಭಸಕ್ಕೆ ನಾರು ಹರಿಯಿತು. ಮುನೆಮ್ಮಜ್ಜಿ ಗೋಡೆ ಹಿಡಿದು ಅರ್ಧ ಎದ್ದರು, "ಅಮ್ಮಯ್ಯಾ..." ಎಂದು ರಾಗ ತೆಗೆದರು, ಅಷ್ಟಕ್ಕೇ ಕೆಮ್ಮು ಹಿಡಿದು ಕೂತುಬಿಟ್ಟರು. ಒನಕೆ ಬಿತ್ತು. ಮತ್ತೆ ಬಿತ್ತು. ಚೌಡಮ್ಮನ ಹಿಂದಿದ್ದ ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಏನೋ ಅಂದಳು. ದೊಡ್ಡಪ್ಪ ಜಗಲಿಯಿಂದ ಇಳಿದರು, ಇಳಿದವರು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಕಂಬದ ಹತ್ತಿರ ನಿಂತರು. ನಾನು ನಾಗುವಿನ ಎರಡು ವರ್ಷವನ್ನು, ಅವಳ ಮುಂದಿನ ಅಷ್ಟೂ ವರ್ಷವನ್ನು ನನ್ನ ಕೈಯಾರೆ ಒರಳಿಗೆ ಹಾಕಿದ್ದೆ.

ಆಗ ಒಂದು ದನಿ ಎದ್ದಿತು. ಸಣ್ಣ ದನಿ, ಒಣಗಿದ ದನಿ. ಯಾರೆಂದು ಮೊದಲು ಗೊತ್ತಾಗಲಿಲ್ಲ, ಯಾಕೆಂದರೆ ಆ ದನಿ ಅಲ್ಲಿ ಏಳಬಾರದಾಗಿತ್ತು. ನಾಗು ಮಣೆಯ ಮೇಲೆ ತಲೆ ಎತ್ತಿ ಕೂತಿದ್ದಳು.

ಎಲೆಯಡಿಕೆ ಹಿಡಿದೋನು ಎದುರಲ್ಲಿ ನಿಲಲಿಲ್ಲ
ನೆಲದವ್ವ ಕರೆದಾಳು ಮಳೆ ಮುಂಚೆ, ಗಂಗಪ್ಪ
ಮೊಗವನ್ನೂ ಕಾಣೆ ನಾನವನ

ನಮ್ಮವರು ಯಾರೂ ಹಿಂದೆ ಹಾಡಲಿಲ್ಲ. ಹಾಡಬೇಕೋ ಬೇಡವೋ ಯಾರಿಗೂ ಗೊತ್ತಾಗಲಿಲ್ಲ. ನಾಗು ಕಾಯಲೂ ಇಲ್ಲ. ಅವಳ ಕಣ್ಣು ಚೌಡಮ್ಮನ ಮುಖ ಬಿಟ್ಟು ಕದಲಲಿಲ್ಲ.

ಬಚ್ಚಿಟ್ಟ ಮಾತಿಗೆ ಬಾಯೊಂದು ಬರುವೋದು
ಮುಚ್ಚಿಟ್ಟೋರೆಲ್ಲ ನಮ್ಮೋರೆ, ಚೌಡಮ್ಮ
ಒಪ್ಪಾದ್ರೆ ಕುಟ್ಟು ಅರಿಶಿನವ

ಚೌಡಮ್ಮನ ಒನಕೆ ಮೇಲೆ ಹೋಗಿತ್ತು. ಹೋದದ್ದು ಅಲ್ಲೇ ನಿಂತಿತು. ಮೂರು ಒನಕೆ ಬಿದ್ದವು, ನಾಲ್ಕನೆಯ ಜಾಗದಲ್ಲಿ ಸದ್ದಿಲ್ಲ. ಇನ್ನೊಂದು ಸುತ್ತು ಮೂರು ಬಿದ್ದವು. ನಾಲ್ಕನೆಯದು ಇನ್ನೂ ಮೇಲೆಯೇ. ಅವರು ಕಂಬದ ಹತ್ತಿರ ನಿಂತ ದೊಡ್ಡಪ್ಪನನ್ನು ನೋಡಿದರು, ಆ ನೋಟಕ್ಕೆ ದೊಡ್ಡಪ್ಪ ತಲೆಯ ವಸ್ತ್ರ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಆಮೇಲೆ ನಾಗುವನ್ನು ನೋಡಿದರು. ನಾಗು ಮುಖ ತಗ್ಗಿಸಲಿಲ್ಲ.

ಒನಕೆ ಬಿತ್ತು. ಒರಳಿನಿಂದ ಅರಿಶಿನ ಹಾರಿ ಅವರ ಕಾಲ ಮೇಲೆ ಬಿತ್ತು. "ಒಪ್ಪಾದ್ರೆ ಕುಟ್ಟು ಅರಿಶಿನವ" ಎಂದು ಚೌಡಮ್ಮ ದೊಡ್ಡ ದನಿಯಲ್ಲಿ ಎತ್ತಿದರು. ಅವರ ಹೆಂಗಸರು ಒಂದು ಕ್ಷಣ ತಡೆದು ಹಿಂದೆ ಹಾಡಿದರು. ಆಮೇಲೆ ನಮ್ಮವರು. ಆಮೇಲೆ ಯಾರೂ ಪ್ರಶ್ನೆ ಕೇಳಲಿಲ್ಲ, ಹೀಯಾಳಿಸಲಿಲ್ಲ, ಪುಡಿಯಾಗುವ ತನಕ ಆ ಒಂದೇ ಸೊಲ್ಲು ಸುತ್ತಿ ಸುತ್ತಿ ಬಂತು. ನಾನು ಹಾಡಿದೆನೋ ಇಲ್ಲವೋ ನೆನಪಿಲ್ಲ.

ಕುಟ್ಟಿ ಮುಗಿದ ಮೇಲೆ ಚೌಡಮ್ಮ ನೆಟ್ಟಗೆ ದೊಡ್ಡಪ್ಪನ ಹತ್ತಿರ ಹೋದರು.

"ಯಾಕಯ್ಯಾ ಹೇಳ್ಲಿಲ್ಲ?"

"ಹೇಳಿದ್ರೆ ನೀವು..."

"ಹೇಳಿದ್ರೆ ಬೇಡ ಅಂತಿದ್ವಿ. ಅದೂ ನಿಜಾನೇ. ಈಗ ಕುಟ್ಟಿ ಆಯ್ತಲ್ಲ," ಎಂದರು. "ನಮ್ಮಣ್ಣಂಗೆ ನಾನು ಹೇಳ್ತೀನಿ. ನೀವು ಯಾರೂ ಬಾಯಿ ಬಿಡ್ಬೇಡಿ, ನಿಮಗೆ ಹೇಳಕ್ ಬರಲ್ಲ."

ಅವರು ತಮ್ಮ ಅಣ್ಣನನ್ನು, ಅಂದರೆ ಗಂಡಿನ ಅಪ್ಪನನ್ನು, ಹುಣಸೆಮರದ ಕೆಳಗೆ ಕರೆದುಕೊಂಡು ಹೋದರು. ನಾವು ಬಾಗಿಲ ಸಂದಿಯಿಂದ ನೋಡುತ್ತಿದ್ದೆವು. ಅಣ್ಣ ಎರಡು ಸಲ ಕೈ ಬೀಸಿದರು, ಒಂದು ಸಲ ಗಾಡಿಗಳ ಕಡೆ ತೋರಿಸಿದರು. ಚೌಡಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತೇ ಇದ್ದರು. ಎಷ್ಟೋ ಹೊತ್ತಾದ ಮೇಲೆ ಅಣ್ಣ ಬಂದು ಜಗಲಿಯ ಮೇಲೆ ಕೂತು, "ಎಲ್ಲಯ್ಯಾ ಎಲೆಯಡಿಕೆ?" ಎಂದರು. ದೊಡ್ಡಮ್ಮ ಒಳಗೆ ಕುಸಿದು ಕೂತು ಅತ್ತರು.

ಮದುವೆ ನಡೆಯಿತು. ನಾನು ಒಂದು ಹಾಡನ್ನೂ ಎತ್ತಲಿಲ್ಲ. ಮುನೆಮ್ಮಜ್ಜಿ ಕೆಮ್ಮುತ್ತಾ ಮೂರು ಸೊಲ್ಲು ಹೇಳಿದರು, ಅಷ್ಟೇ. ಬೈಯುತ್ತಾರೆಂದು ನಾನು ಅವರ ಕಣ್ಣು ತಪ್ಪಿಸಿ ಓಡಾಡಿದೆ. ಅವರೇ ಕರೆದು ಪಕ್ಕ ಕೂರಿಸಿಕೊಂಡರು. "ತಿಂದ್ಯೇನೇ?" ಎಂದು ಕೇಳಿದರು. ಬೈದಿದ್ದರೆ ವಾಸಿಯಾಗಿತ್ತು.

ಮದುವೆಯ ಮಾರನೆಯ ಬೆಳಿಗ್ಗೆ ನಾಗುವಿಗೆ ಜಡೆ ಹೆಣೆಯುವಾಗ ಕೇಳಿದೆ, "ಅದ್ಯಾವಾಗ ಕಟ್ಟಿದೆ ಆ ಹಾಡು?"

"ಕಟ್ಟಿದ್ದೇನು ಬಂತು? ಎರಡು ವರ್ಷ ಸೊಪ್ಪು ಹೆಚ್ತಾ ಬಾಯೊಳಗೇ ಅಂದ್ಕೊಂತಿದ್ದೆ. ನೀವೆಲ್ಲ ಬೇರೆ ಹಾಡು ಹಾಡ್ತಿದ್ರಿ."

"ಇನ್ನೊಂದ್ಸಲ ಹೇಳೇ, ಬರ್ಕೊಂತೀನಿ."

ನಾಗು ತಿರುಗಿ ನೋಡಿದಳು. ಜಡೆ ನನ್ನ ಕೈಯಿಂದ ಜಾರಿತು. "ಬರ್ಕೊಂಡು ಇನ್ಯಾರ್ ಮದ್ವೇಲಿ ಓದ್ತೀಯ?" ಎಂದಳು. ನಗುತ್ತಲೇ ಅಂದಳು, ಆದರೂ ನಾನು ಮತ್ತೆ ಕೇಳಲಿಲ್ಲ. ಮೇಲೆ ಬರೆದಿರುವುದು ನನ್ನ ಬಾಯಲ್ಲಿ ಉಳಿದಷ್ಟು. ಒಂದೆರಡು ಮಾತು ನನ್ನವೇ ಸೇರಿರಬಹುದು.

ಅವರು ಹೊರಡುವ ಹೊತ್ತಿಗೆ ನಾನು ಹಿತ್ತಲಲ್ಲಿ ಕೂತು ಆ ಬಿಡಿಸಿದ ಹಾಳೆಗಳನ್ನು ತೆರೆದಿದ್ದೆ. ಗೀಟು ಹೊಡೆಯಬೇಕು, ಕಾಗದ ತೂತಾಗುವಷ್ಟು ಒತ್ತಿ ಹೊಡೆಯಬೇಕು ಎಂದು ಪೆನ್ಸಿಲು ಹಿಡಿದಿದ್ದೆ. ಮೇಲೆ ನೆರಳು ಬಿತ್ತು. ಚೌಡಮ್ಮ.

"ಇದೇನಾ ಆ ಪುಸ್ತಕ? ನಂಗೆ ಓದಕ್ಕೆ ಬರಲ್ಲ. ಆ ಹುಡುಗನ ಹೆಸ್ರು ಎಲ್ಲೈತೆ?"

ತೋರಿಸಿದೆ. ಅವರು ಬಗ್ಗಿ, ಇನ್ನೂ ಅರಿಶಿನ ಹೋಗದ ಬೆರಳನ್ನು ಅದರ ಪಕ್ಕ ಇಟ್ಟರು.

"ಇಷ್ಟೇನಾ?"

"ಮೂರೇ ಅಕ್ಷರ."

ಹೊರಗೆ ಯಾರೋ ಅವರನ್ನು ಕೂಗಿದರು. "ಬಂದೇ ಇರ್ರೋ!" ಎಂದು ಕೂಗಿ ಹೇಳಿ, ನನ್ನ ಕೈಯ ಪೆನ್ಸಿಲನ್ನು ಪಕ್ಕಕ್ಕೆ ಸರಿಸಿದರು.

"ಹೊಡೀಬೇಡ. ಇನ್ಮೇಲೆ ನಾಗು ಆ ಹೆಸ್ರು ಹೇಳಂಗಿಲ್ಲ, ನಮ್ಮನೇಲಿ ಯಾರೂ ಹೇಳಲ್ಲ, ನಿಮ್ಮಪ್ಪ ದೊಡ್ಡಪ್ಪ ಮೊದ್ಲೇ ಬಿಟ್ಬಿಟ್ರು. ಅವ್ನ ಹೆತ್ತೋಳು ಎಷ್ಟು ವರ್ಷ ಹೇಳ್ತಾಳೆ, ಪಾಪ? ನಿನ್ ಕಾಗ್ದದಲ್ಲಿ ಇರ್ಲಿ ಬಿಡು. ಹಾಡೋ ಕಡೆ ಮಾತ್ರ ತರ್ಬೇಡ."

ಸೀರೆ ಸರಿಮಾಡಿಕೊಂಡು ಗಾಡಿಯ ಕಡೆ ನಡೆದರು. ನಾನು ಪೆನ್ಸಿಲನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ನಾಗುವನ್ನು ಬೀಳ್ಕೊಡಲು ಅವರ ಹಿಂದೆ ಓಡಿದೆ.